ಕಾಜಾ ಒಂದು ಬಾಕಿ

ಸಿಂಧನೂರಿನಲ್ಲಿ ರೆಡಿಮೇಡ್ ಬಟ್ಟೆಯ ಅಂಗಡಿಗಳು ಆಗಷ್ಟೇ ತಲೆ ಎತ್ತುತ್ತಿದ್ದವು. ಹೆಂಡತಿಯ ಒತ್ತಾಯಕ್ಕೆ ಅಂಥದೊಂದು ಅಂಗಡಿ ಹೊಕ್ಕೆ. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮ ಕಾಲರ್ ಸೈಜ್ ಎಷ್ಟ್ರೀ ಸರ?" ಎಂದು ಕೇಳಿದ. ನಾನು ಹೆಂಡತಿಯ ಮುಖ ನೋಡಿದೆ. ಅವಳು ನನ್ನ ಕುತ್ತಿಗೆ ನೋಡಿದಳು. ನಲವತ್ತು ದಾಟಿದ ಗಂಡಸಿಗೆ, ಅದರಲ್ಲೂ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನಿಗೆ, ತನ್ನ ಕುತ್ತಿಗೆಯ ಸುತ್ತಳತೆ ಗೊತ್ತಿಲ್ಲ ಎಂದರೆ ಆತ ನಂಬಲಿಲ್ಲ. ನಿಜವಾಗಿಯೂ ಗೊತ್ತಿರಲಿಲ್ಲ. ನನ್ನ ಕುತ್ತಿಗೆಯ ಕಾರಭಾರವನ್ನೆಲ್ಲ ಮಸ್ಕಿಯ ಟೇಲರ್ ಮಾಸ್ತರರಿಗೆ ವಹಿಸಿ ನಾನು ಆರಾಮಾಗಿದ್ದೆ. ಅವರು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಏನೂ ಕೊಳ್ಳದೆ ಹೊರಗೆ ಬಂದೆ. ಬಸ್ಸು ಮಸ್ಕಿ ಮುಟ್ಟುವವರೆಗೂ ಹೆಂಡತಿ ಬೈದಳು, ನಾನು ಅವರನ್ನೇ ನೆನೆಯುತ್ತಾ ಕೂತಿದ್ದೆ.

ಮಾಸ್ತರರ ಹೆಸರು ಇಲ್ಲಿ ಬೇಡ. ಅವರ ಅಂಗಡಿಯ ಬೋರ್ಡಿನ ಮೇಲೂ ಅದು ಇರಲಿಲ್ಲ. ಅಲ್ಲಿ ಬೊಂಬಾಯಿಯ ಹೆಸರಿತ್ತು. "ಬೊಂಬಾಯಿ ನೋಡೀರೇನು?" ಎಂದು ಯಾರಾದರೂ ಕೆಣಕಿದರೆ, "ಬೊಂಬಾಯ್ಯಾಗ ಲಂಡನ್ ಅಂತ ಬೋರ್ಡ್ ಹಾಕ್ಯಾರ. ಅವರು ಲಂಡನ್ ನೋಡ್ಯಾರೇನ್ರಿ?" ಎಂದು ಮಷೀನು ತುಳಿಯುತ್ತಿದ್ದರು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವವನೂ ಮಾಸ್ತರ, ಬಟ್ಟೆ ಹೊಲಿಯುವವನೂ ಮಾಸ್ತರ. ಅವರ ಅಂಗಡಿ ಇದ್ದ ಓಣಿಯಲ್ಲೇ ನನ್ನ ಬಾಡಿಗೆ ಮನೆ. ಯಾರಾದರೂ "ಮಾಸ್ತರ" ಎಂದು ಕೂಗಿದರೆ ಇಬ್ಬರೂ ತಿರುಗುತ್ತಿದ್ದೆವು. ಗೊಂದಲ ಬೇಡವೆಂದು ಓಣಿಯ ಜನ ನನ್ನನ್ನು ಸಾಲಿ ಮಾಸ್ತರ, ಅವರನ್ನು ಟೇಲರ್ ಮಾಸ್ತರ ಮಾಡಿದರು. ಅವರಿಗೆ ಈ ವಿಂಗಡಣೆ ಅಷ್ಟು ಹಿಡಿಸಿರಲಿಲ್ಲ. "ಇಬ್ಬರದೂ ಒಂದ ಕಸುಬು ಸರ. ನೀವು ತಲಿ ಕೆಡಸ್ತೀರಿ, ನಾ ಅರಿವಿ ಕೆಡಸ್ತೀನಿ. ತಲಿ ಕೆಟ್ರ ಯಾರೂ ವಾಪಸ್ ತಂದು ಜಗಳಾಡಂಗಿಲ್ಲ, ಅದೊಂದ ಫರಕು" ಎನ್ನುತ್ತಿದ್ದರು.

ಹೇಳಿದ ದಿನಕ್ಕೆ ಅವರು ಬಟ್ಟೆ ಕೊಟ್ಟದ್ದನ್ನು ಕಂಡವರು ಊರಲ್ಲಿ ಒಬ್ಬರೂ ಇರಲಿಲ್ಲ. ಹೋಗಿ ಕೇಳಿದರೆ ಒಂದೇ ಉತ್ತರ: "ಎಲ್ಲಾ ಆಗೇತ್ರೀ, ಕಾಜಾ ಒಂದು ಬಾಕಿ ಐತಿ. ನಾಳಿಗೆ ಬರ್ರಿ."

ಕಾಜಾ ಎಂದರೆ ಗುಂಡಿ ತೂರಿಸಲು ಮಾಡುವ ತೂತು. ಅದರ ಅಂಚಿಗೆ ದಾರ ಸುತ್ತಿ ಕೈಯಿಂದ ಹೊಲಿಯಬೇಕು. ಆ ಕೆಲಸ ಅವರ ಹೆಂಡತಿಯದು. ಅಂಗಡಿಯ ಹಿಂದೆಯೇ ಮನೆ. ಆಕೆ ಒಲೆಯ ಮುಂದೆ ಕೂತೇ ಕಾಜಾ ಹಾಕುತ್ತಿದ್ದರು. ಆಕೆ ಹಾಕಿದ ಕಾಜಾ ಎಷ್ಟು ಸಣ್ಣಗೆ, ಎಷ್ಟು ನೇರ ಇರುತ್ತಿತ್ತೆಂದರೆ ಲಿಂಗಸುಗೂರಿನ ಟೇಲರರೂ ಕೋಟುಗಳನ್ನು ಇಲ್ಲಿಗೆ ಕಳಿಸುತ್ತಿದ್ದರು. ಹೀಗಾಗಿ "ಕಾಜಾ ಬಾಕಿ" ಎಂದರೆ ತಪ್ಪು ಹೆಂಡತಿಯದು ಎಂದು ಅರ್ಥ. ಒಂದು ದಿನ ನಾನು ಅಂಗಡಿಯಲ್ಲಿರುವಾಗಲೇ ಆಕೆ ಪರದೆ ಸರಿಸಿ ಹೊರಗೆ ಬಂದರು.

"ಇನ್ನಾ ಅರಿವಿಗೆ ಕತ್ತರಿ ಹಚ್ಚಿಲ್ಲ ನೀ. ಕಾಜಾ ಎಲ್ಲೆ ಹಾಕ್ಲಿ, ಗಾಳ್ಯಾಗ ಹಾಕ್ಲೇನು? ನೀರಿಗೆ ಹೋದ್ರ ಸಾಕು, ಯಕ್ಕಾ ನನ್ನ ಅಂಗಿ ಕಾಜಾ ಆತೇನು ಅಂತ ಊರ ಮಂದಿ ಕೇಳ್ತಾರ."

ಮಾಸ್ತರರು ಟೇಪನ್ನು ಕೊರಳಿಗೆ ಸರಿಯಾಗಿ ಹಾಕಿಕೊಂಡು ಸಮಾಧಾನದಿಂದ ಹೇಳಿದರು. "ಮಂದಿಗೆ ಏನರ ಒಂದು ಹೇಳಬೇಕಲ್ಲ ಬೇ. ನನ್ನ ಹೆಸರು ಹೇಳಿದ್ರ ಅಂಗಡಿ ನಡೀತೈತೇನು?"

ಒಮ್ಮೆ ನಮ್ಮ ಶಾಲೆಯ ಹುಡುಗರ ಸಮವಸ್ತ್ರವನ್ನು ಅವರಿಗೇ ಕೊಟ್ಟಿದ್ದೆವು. ಆಗಸ್ಟ್ ಹದಿನೈದಕ್ಕೆ ಬೇಕಿತ್ತು. ಬಂದದ್ದು ಜನವರಿ ಇಪ್ಪತ್ತಾರಕ್ಕೆ. ಹೆಡ್ ಮಾಸ್ತರರು ಕೆಂಡವಾಗಿದ್ದರು. ನಮ್ಮ ಟೇಲರ್ ಮಾಸ್ತರರು ಗಂಟು ಇಳಿಸಿ, ಬೆವರು ಒರೆಸಿ, "ಎರಡೂ ದಿನ ಅದ ಝಂಡಾ ಅಲ್ಲೇನ್ರಿ ಸಾಹೇಬ್ರ?" ಎಂದರು. ಹೆಡ್ ಮಾಸ್ತರರು ಗಂಟು ಬಿಚ್ಚಿ ಅಂಗಿ ಎಣಿಸತೊಡಗಿದರು. ಬೆಲ್ ಬಾಟಮ್ ಪ್ಯಾಂಟು ಹೊಲಿಯಲು ಕೊಟ್ಟವರ ಕಥೆ ಇನ್ನೂ ಕಷ್ಟದ್ದು. ಅದು ಕೈಗೆ ಬರುವ ಹೊತ್ತಿಗೆ ಊರೆಲ್ಲ ಕಿರಿದಾದ ಪ್ಯಾಂಟಿಗೆ ಬಂದಿತ್ತು. "ಇಟ್ಟಿರ್ರಿ, ಫ್ಯಾಷನ್ ತಿರುಗಿ ಬರ್ತೈತಿ. ನಾ ಮುಂದಿಂದು ಹೊಲದೀನಿ" ಎಂದು ಸಮಾಧಾನ ಹೇಳಿ ಕಳಿಸಿದರು.

ಬಳಗಾನೂರಿನ ಒಬ್ಬ ಮದುಮಗನ ಕೋಟಂತೂ ಇಡೀ ಸೀಮೆಗೆ ಗೊತ್ತು. ಲಗ್ನದ ಮುಂಜಾನೆಯೂ ಅದಕ್ಕೆ ಗುಂಡಿ ಇರಲಿಲ್ಲ. ಮಾಸ್ತರರು ಕೋಟನ್ನು ತೊಡೆಯ ಮೇಲೆ ಹಾಕಿಕೊಂಡು ತಾವೇ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಗುಂಡಿ ಹಚ್ಚಿದರು. ಬಸ್ಸು ಕುಣಿದ ಹಾಗೆ ಸೂಜಿಯೂ ಕುಣಿಯಿತು. ಬಳಗಾನೂರಿನಲ್ಲಿ ಇಳಿಯಲು ಎದ್ದಾಗ ಕೋಟು ಅವರನ್ನು ಬಿಡಲೊಲ್ಲದು. ನೋಡಿದರೆ ಅದನ್ನು ತಮ್ಮ ಪೈಜಾಮಕ್ಕೆ ಸೇರಿಸಿ ಹೊಲಿದುಕೊಂಡಿದ್ದರು. ಹಂದರದೊಳಗೆ ಮದುಮಗ ಬನಿಯನ್ನಿನಲ್ಲಿ ಕಾಯುತ್ತಿದ್ದ. ಮಾಸ್ತರರು ಬೀಗರೆಲ್ಲರ ಎದುರು ಕೋಟಿನ ಸಮೇತ ಕುಂಟುತ್ತಾ ಬಂದು, ಹಲ್ಲಿನಿಂದ ದಾರ ಹರಿದು, "ತಗೋ ತಮ್ಮಾ, ಟೈಮಿಗೆ ತಂದೀನಿ" ಎಂದರು. ಆ ಮದುಮಗ ಮುಂದೆ ಮಕ್ಕಳ ತಂದೆಯಾದ ಮೇಲೂ ಬಟ್ಟೆ ಹೊಲಿಸಲು ಅವರಲ್ಲಿಗೇ ಬರುತ್ತಿದ್ದ.

ಅಂಗಿ ಬಿಗಿಯಾಯಿತೆಂದು ಯಾರಾದರೂ ವಾಪಸು ತಂದರೆ ಅದಕ್ಕೂ ಉತ್ತರ ಸಿದ್ಧವಿತ್ತು. "ಅರಿವಿ ಕುಗ್ಗೇತ್ರಿ." ಸಾಲಗುಂದದವರು ತಂದರೆ ಕಾಲುವೆ ನೀರಿಗೆ ಕುಗ್ಗಿರುತ್ತಿತ್ತು, ಲಿಂಗಸುಗೂರಿನವರು ತಂದರೆ ಬೋರಿನ ನೀರಿಗೆ. ಸಡಿಲಾಗಿದೆ ಎಂದವರಿಗೆ ಬೇರೆ ಉಪಚಾರ. ಅವರ ಭುಜ ಮುಟ್ಟಿ, "ಯಾಕ, ಭಾಳ ಸೊರಗೀರಲ್ರೀ? ಮನ್ಯಾಗ ಎಲ್ಲಾ ಆರಾಮೇನು?" ಎಂದು ಕೇಳುತ್ತಿದ್ದರು. ಬಂದವನು ಮನೆಯ ತಾಪತ್ರಯವನ್ನೆಲ್ಲ ಹೇಳಿಕೊಂಡು, ಚಹಾ ಕುಡಿದು, ಅಂಗಿಯ ಮಾತನ್ನೇ ಮರೆತು ಹೋಗುತ್ತಿದ್ದ.

ಕುತ್ತಿಗೆಯ ಅಳತೆ ತೆಗೆಯುವಾಗ ಮಾತ್ರ ಅವರು ಬೇರೆಯೇ ಮನುಷ್ಯ. ಆಗ ಮಾತಿಲ್ಲ, ನಗೆಯಿಲ್ಲ. ಟೇಪನ್ನು ಸುತ್ತಿ ಒಳಗೆ ತಮ್ಮ ಎರಡು ಬೆರಳು ತೂರಿಸಿ, "ಉಗುಳು ನುಂಗ್ರಿ" ಎನ್ನುತ್ತಿದ್ದರು. ನುಂಗಬೇಕು. ಬೆರಳಿಗೆ ಏನೋ ತಿಳಿಯುತ್ತಿತ್ತು, ತಲೆ ಆಡಿಸುತ್ತಿದ್ದರು. "ಅಂಗಿ ಎಲ್ಲೆ ಬೇಕಾರ ಬಿಗಿ ಆಗ್ಲಿ ಸರ, ಕುತ್ತಿಗ್ಯಾಗ ಎರಡು ಬೆರಳು ಜೀವಕ್ಕ ಬಿಡಬೇಕು." ಇಷ್ಟೊಂದು ತಪ್ಪು ಹೊಲಿದ ಮನುಷ್ಯ ಕಾಲರು ಮಾತ್ರ ಒಂದೂ ತಪ್ಪಲಿಲ್ಲ. ನಾವೆಲ್ಲ ಅವರನ್ನು ಬಿಟ್ಟು ಬೇರೆ ಕಡೆ ಹೋಗದೆ ಇದ್ದದ್ದು ಇದಕ್ಕೇ.

ಅವರ ಸ್ವಂತ ಕುತ್ತಿಗೆಯಲ್ಲಿ ನಾನು ಕಂಡಾಗಿನಿಂದ ಅಡಿಕೆ ಗಾತ್ರದ ಒಂದು ಗಂಟಿತ್ತು. ಉಗುಳು ನುಂಗಿದರೆ ಮೇಲೆ ಹೋಗಿ ಕೆಳಗೆ ಇಳಿಯುತ್ತಿತ್ತು. ನೋವಿಲ್ಲ, ತ್ರಾಸಿಲ್ಲ. "ದೇವ್ರು ನನಗ ಒಂದು ಗುಂಡಿ ಜಾಸ್ತಿ ಹಚ್ಚಿ ಕಳಿಸ್ಯಾನ" ಎಂದು ತೋರಿಸಿ ನಗುತ್ತಿದ್ದರು.

ಅವರಿಗೆ ಅರವತ್ತರ ಸುಮಾರು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮಾಸ್ತರರಿಗೆ ತಮ್ಮ ಬಿಳಿ ಅಂಗಿಯ ಮೇಲಿನ ಗುಂಡಿಯವರೆಗೂ ಹಾಕಿಕೊಳ್ಳುವ ರೂಢಿ. ಒಂದು ದಿನ ಆ ಗುಂಡಿ ಕೂಡಲಿಲ್ಲ. ಅರಿವಿ ಕುಗ್ಗಿದೆ ಎಂದರು. ಕಾಲರು ಬಿಚ್ಚಿ ದೊಡ್ಡದು ಮಾಡಿದರು. ಸ್ವಲ್ಪ ದಿನಕ್ಕೆ ಅದೂ ಕೂಡಲಿಲ್ಲ. ಹೊಸ ಅಂಗಿ ಹೊಲಿದುಕೊಂಡರು. ಅದೂ ಬಿಗಿಯಾಯಿತು. ಜನ್ಮವಿಡೀ ಪರರಿಗೆ ಹೇಳಿದ ಸುಳ್ಳನ್ನು ಈಗ ತಾವೇ ನಂಬಿಬಿಟ್ಟರು. ಕುತ್ತಿಗೆಯ ಕಡೆ ಅವರ ಲಕ್ಷ್ಯವೇ ಹೋಗಲಿಲ್ಲ, ಸಿಟ್ಟೆಲ್ಲ ಸಿಂಧನೂರಿನ ಅರಿವಿ ಅಂಗಡಿಯ ಶೆಟ್ಟರ ಮೇಲೆ ತಿರುಗಿತು.

"ನಡೀರಿ ಸರ ಸಿಂಧನೂರಿಗೆ. ನೀವು ಸೈನ್ಸ್ ಮಾಸ್ತರ. ಕುಗ್ಗೂದು ಹಿಗ್ಗೂದು ನಿಮಗ ಗೊತ್ತಿರ್ತೈತಿ. ಸಾಕ್ಷಿಗೆ ಬರ್ರಿ" ಎಂದು ರವಿವಾರ ನನ್ನನ್ನು ಎಳೆದುಕೊಂಡು ಹೋದರು.

ಅವರ ದನಿ ಆಗಲೇ ಎಣ್ಣೆ ಕಾಣದ ಮಷೀನಿನಂತೆ ಕರಕರ ಎನ್ನುತ್ತಿತ್ತು. ಜಗಳಾಡುವ ಹುರುಪಿಗೆ ಹಾಗಾಗಿದೆ ಎಂದುಕೊಂಡೆ. ಶೆಟ್ಟರ ಗಾದಿಯ ಮೇಲೆ ಅಂಗಿ ಎಸೆದು, "ಇಷ್ಟು ವರ್ಷ ನಿಮ್ಮ ಅರಿವಿ ಒಯ್ದೀನಿ. ಹಿಂಗ ಕುಗ್ಗೂದು ಅಂದ್ರೇನು?" ಎಂದರು.

ಶೆಟ್ಟರು ನಕ್ಕರು. "ಮಾಸ್ತರ, ಈ ಮಾತು ನೀವು ಮಂದಿಗೆ ಹೇಳೂದು. ನನಗ್ಯಾಕ ಹೇಳಾಕತ್ತೀರಿ?"

"ಈ ಸಲ ಖರೇನ ಕುಗ್ಗೇತ್ರಿ!"

ಶೆಟ್ಟರು ಛಲದ ಮನುಷ್ಯ. ಅದೇ ಬಟ್ಟೆಯ ಥಾನಿನಿಂದ ಒಂದು ಮಾರು ಅಳೆದು, ಬಕೆಟ್ಟಿನಲ್ಲಿ ನೆನೆಸಿ, ಹಿಂಡಿ, ಬಿಸಿಲಿಗೆ ಹಾಕಿದರು. ಅದು ಒಣಗುವವರೆಗೆ ನಮಗೆ ಚಹಾ, ಮಿರ್ಚಿ ಭಜಿ ತರಿಸಿದರು. ಮಾಸ್ತರರು ಮಿರ್ಚಿಯ ಒಂದು ತುಂಡನ್ನು ನುಂಗಲಾರದೆ ಬಹಳ ಹೊತ್ತು ಅಗಿಯುತ್ತಾ ಕೂತಿದ್ದರು. ಬಟ್ಟೆ ಒಣಗಿತು. ಶೆಟ್ಟರು ಮತ್ತೆ ಅಳೆದರು. ನೂಲಿನಷ್ಟೂ ಹೆಚ್ಚುಕಡಿಮೆಯಿರಲಿಲ್ಲ. ಅವರು ಗೆದ್ದ ಖುಷಿಯಲ್ಲಿ ಮುಖ ಎತ್ತಿ ಮಾಸ್ತರರನ್ನು ನೋಡಿದರು. ನೋಡುತ್ತಿದ್ದಂತೆ ಅವರ ನಗು ಹೋಯಿತು.

"ಮಾಸ್ತರ," ಎಂದರು, "ಅರಿವಿ ಇದ್ದಷ್ಟ ಐತಿ. ನಿಮ್ಮ ಕುತ್ತಿಗಿ ಬೆಳದೈತಿ."

ವಾಪಸು ಬರುವಾಗ ಬಸ್ಸಿನಲ್ಲಿ ಮಾಸ್ತರರು ಎರಡು ಬೆರಳನ್ನು ತಮ್ಮದೇ ಕಾಲರಿನೊಳಗೆ ತೂರಿಸಲು ನೋಡಿದರು. ಒಂದು ಹೋಯಿತು, ಇನ್ನೊಂದು ಹೋಗಲಿಲ್ಲ. ಕೈ ತೆಗೆದು ಕಿಟಕಿಯ ಹೊರಗೆ ನೋಡುತ್ತಾ ಕೂತರು. ನನಗೆ ಭಯವಾಯಿತು.

ಮರುದಿನವೇ ಲಿಂಗಸುಗೂರಿನ ಡಾಕ್ಟರರ ಹತ್ತಿರ ಹೋದೆವು. ಅವರು ಮಾಸ್ತರರ ಹಿಂದೆ ನಿಂತು ಎರಡೂ ಕೈಯ ಬೆರಳು ಕುತ್ತಿಗೆಗೆ ಇಟ್ಟು, "ಉಗುಳು ನುಂಗ್ರಿ" ಎಂದರು. ಮಾಸ್ತರರಿಗೆ ಸಂತೋಷವೋ ಸಂತೋಷ. "ಅಳತಿ ಬಲ್ಲ ಡಾಕ್ಟರ್ರು" ಎಂದು ನನ್ನ ಕಡೆ ಕಣ್ಣು ಮಿಟುಕಿಸಿದರು. ಆದರೆ ಮೊದಲು ಮೇಲೆ ಕೆಳಗೆ ಆಡುತ್ತಿದ್ದ ಗಂಟು ಈಗ ಇದ್ದಲ್ಲಿಂದ ಕದಲಲಿಲ್ಲ. ಕಲ್ಲಿನಂತೆ ಕೂತುಬಿಟ್ಟಿತ್ತು. ಡಾಕ್ಟರರು ಚೀಟಿ ಬರೆದು, ತಡಮಾಡದೆ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಹೋಗಿ ಎಂದರು.

ಹುಬ್ಬಳ್ಳಿಗೆ ನಾನು, ಮಾಸ್ತರರು, ಅವರ ಹೆಂಡತಿ ಮೂವರೂ ಹೋದೆವು. ಬೆಂಚಿನ ಮೇಲೆ ಕಾಯುತ್ತಿದ್ದಾಗ ಒಳಗಿನಿಂದ "ಮಸ್ಕಿ ಮಾಸ್ತರ ಯಾರ್ರೀ?" ಎಂದು ಕೂಗಿದರು. ಹಳೆಯ ಅಭ್ಯಾಸದಂತೆ ಇಬ್ಬರೂ ಎದ್ದೆವು. ಬಾಗಿಲಿಗೆ ನಾನು ಹತ್ತಿರವಿದ್ದೆ, ಒಳಗೆ ಹೋಗಿಬಿಟ್ಟೆ. ಸ್ಟೂಲು ತೋರಿಸಿದರು, ಕೂತೆ. ಡಾಕ್ಟರರು ನಾನು ಬಾಯಿ ತೆಗೆಯುವುದರೊಳಗೆ ನನ್ನ ಕುತ್ತಿಗೆಗೆ ಕೈ ಹಾಕಿ, ಎಡಕ್ಕೆ ಬಲಕ್ಕೆ ಒತ್ತಿ, "ಇಲ್ಲಿ ಏನೂ ಇಲ್ಲವಲ್ಲ!" ಎಂದರು. ಬಾಗಿಲಲ್ಲಿ ನಿಂತಿದ್ದ ಮಾಸ್ತರರು ಕರಕರ ದನಿಯಲ್ಲೇ ಕೂಗಿಕೊಂಡರು. "ಕೇಳೀರಿಲ್ಲೋ? ಏನೂ ಇಲ್ಲಂತ! ನಡೀ ಬೇ, ಗಂಟು ಕಟ್ಟು, ಊರಿಗೆ ಹೋಗೂಣು."

ಡಾಕ್ಟರರೂ ನಕ್ಕರು. ಆಮೇಲೆ ಸರಿಯಾದ ಮಾಸ್ತರರನ್ನು ಕೂರಿಸಿಕೊಂಡರು. ಗಂಟು ಮುಟ್ಟಿ ನೋಡಿದ ಮೇಲೆ ಡಾಕ್ಟರರ ನಗು ಉಳಿಯಲಿಲ್ಲ.

ಗಂಟಿಗೆ ಸೂಜಿ ಚುಚ್ಚಿ ಒಳಗಿನದನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಡಾಕ್ಟರರು ನಮ್ಮನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಗಂಟಲಿನ ಮುಂದೆ ಥೈರಾಯ್ಡ್ ಎಂಬ ಗ್ರಂಥಿ ಇದೆ. ಅಲ್ಲಿ ಕ್ಯಾನ್ಸರ್ ಬಂದರೂ ಬಹುಪಾಲು ಜನರಲ್ಲಿ ಅದು ನಿಧಾನದ್ದು, ಕತ್ತರಿಸಿ ತೆಗೆದು ಔಷಧ ಕೊಟ್ಟರೆ ಚೆನ್ನಾಗಿ ಬದುಕುತ್ತಾರೆ. ಇವರದು ಹಾಗಲ್ಲ. ಬಹಳ ಅಪರೂಪದ ಜಾತಿ. ಎಷ್ಟೋ ಸಲ ವರ್ಷಗಟ್ಟಲೆ ಸುಮ್ಮನಿದ್ದ ಗಂಟಿರುವ ವಯಸ್ಸಾದವರಲ್ಲೇ ಕಾಣಿಸುತ್ತದೆ. ಇದರ ಜೀವಕೋಶಗಳು ತಾವು ಯಾವ ಗ್ರಂಥಿಯವು, ತಮ್ಮ ಕೆಲಸವೇನು ಎಂಬುದನ್ನೆಲ್ಲ ಮರೆತುಬಿಡುತ್ತವೆ. ಬೆಳೆಯುವುದೊಂದೇ ಅವಕ್ಕೆ ಗೊತ್ತು. ವಾರ ವಾರಕ್ಕೂ ಬೆಳೆಯುತ್ತದೆ.

ನಾನು ಕಣ್ಣುಕಣ್ಣು ಬಿಡುತ್ತಿದ್ದೆ. ನನ್ನ ಪಾಠದಲ್ಲಿ ಥೈರಾಯ್ಡ್ ಎಂದರೆ ಒಂದು ಚಿತ್ರ, ನಾಲ್ಕು ಸಾಲು, ಕೊನೆಗೆ ಅಯೋಡಿನ್ ಉಪ್ಪು, ಅಷ್ಟೇ. ಮಾಸ್ತರರು ಮಾತ್ರ ಹೊಸ ಫ್ಯಾಷನ್ನಿನ ವಿವರ ಕೇಳುವವರಂತೆ ಮುಂದೆ ಬಾಗಿ ಕೇಳುತ್ತಿದ್ದರು.

"ತಿಳೀತ್ರಿ," ಎಂದರು. "ಒಳಗ ನನ್ನಂಥಾ ಟೇಲರ್ ಒಬ್ಬ ಕುಂತಾನ. ಅಳತಿ ಮರತಾನ, ಸುಮ್ನ ಹೊಲಿಯಾಕತ್ತಾನ. ಆದ್ರ ನನ್ನಂಗಲ್ಲ, ಜಲ್ದಿ ಹೊಲಿತಾನ."

"ಹೌದು," ಎಂದರು ಡಾಕ್ಟರರು.

"ಅಂದ್ರ ಉಳದವರ್ದೆಲ್ಲಾ ಆರ್ಡಿನರಿ, ನಂದು ಅರ್ಜೆಂಟ್."

"ಆಪರೇಶನ್ ಮಾಡ್ರಿ ಸಾಹೇಬ್ರ," ಎಂದರು ಹೆಂಡತಿ. "ತಗದ ಒಗೀರಿ ಅದನ್ನ."

ಅದು ಶ್ವಾಸನಾಳಕ್ಕೂ ರಕ್ತನಾಳಕ್ಕೂ ಅಂಟಿಕೊಂಡಿದೆ, ಬಿಡಿಸಲು ಬರುವುದಿಲ್ಲ ಎಂದು ಡಾಕ್ಟರರು ಮೆತ್ತಗೆ ಹೇಳಿದರು. ಆಕೆಗೆ ಅರ್ಥವಾಗಲಿಲ್ಲ. ಮತ್ತೆ ಮತ್ತೆ ಅದನ್ನೇ ಕೇಳಿದರು. ಆಗ ಮಾಸ್ತರರೇ ತಮ್ಮ ಕಾಲರನ್ನು ಬೆರಳಿನಿಂದ ಹಿಡಿದು ಹೆಂಡತಿಗೆ ತೋರಿಸಿದರು. ಕಾಲರು ಗಟ್ಟಿ ನಿಲ್ಲಲು ಒಳಗೆ ಬಕ್ರಂ ಇಟ್ಟು ಇಸ್ತ್ರಿ ಹಾಕಿ ಅಂಟಿಸುತ್ತಾರಲ್ಲ, ಅದನ್ನು. "ಬಕ್ರಂ ಹತ್ತಿದ ಮ್ಯಾಲೆ ಬಿಡಸಾಕ ಬರ್ತೈತೇನು ಬೇ? ಬಿಡಸಾಕ ಹೋದ್ರ ಅರಿವೀನ ಹರಿತೈತಿ. ಹಂಗ ಆಗೇತಿ."

ಆಕೆಗೆ ತಿಳಿಯಿತು.

ವಿಕಿರಣ ಚಿಕಿತ್ಸೆ, ನಮ್ಮ ಕಡೆ ಕರೆಂಟು ಎನ್ನುವುದನ್ನು, ಕೊಟ್ಟರೆ ಸ್ವಲ್ಪ ತಗ್ಗಬಹುದು, ಉಸಿರಿಗೆ ಕಷ್ಟವಾದರೆ ಗಂಟಲಿಗೆ ತೂತು ಮಾಡಿ ನಳಿಗೆ ಇಡಬೇಕಾಗುತ್ತದೆ, ಇದು ವರ್ಷಗಳ ಮಾತಲ್ಲ ಎಂದು ಡಾಕ್ಟರರು ನೇರವಾಗಿಯೇ ಹೇಳಿದರು. ಮಾಸ್ತರರ ಚಿಂತೆ ಒಂದೇ. "ಅಂಗಡ್ಯಾಗ ಮಂದಿ ಅರಿವಿ ಐತ್ರಿ. ಇಟಗೊಂಡು ಹೋಗಬಾರ್ದು. ಎಲ್ಲಾ ಕೊಟ್ಟ ಹೋಗಬೇಕು." ಡಾಕ್ಟರರು ಕನಿಕರದಿಂದ, ಕೆಲಸ ಎಷ್ಟು ಉಳಿದಿದೆ ಎಂದು ಕೇಳಿದರು. ಅಲ್ಮಾರಿನ ತುಂಬ ಕತ್ತರಿ ಕಾಣದ ಬಟ್ಟೆಯಿತ್ತು. ಆದರೂ ನಾಲಿಗೆಗೆ ಬಂದದ್ದು ಬಂದೇಬಿಟ್ಟಿತು.

"ಎಲ್ಲಾ ಆಗೇತ್ರೀ. ಕಾಜಾ ಒಂದು ಬಾಕಿ."

ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ನಗುತ್ತಲೇ ಅತ್ತರು.

ಕರೆಂಟು ಕೊಡುವ ಜಾಗ ತಪ್ಪಬಾರದೆಂದು ಕುತ್ತಿಗೆಯ ಮೇಲೆ ಶಾಯಿಯಿಂದ ಗೆರೆ ಎಳೆದಿದ್ದರು. ನೋಡಲು ಹೋದವರಿಗೆಲ್ಲ ಮಾಸ್ತರರು ಅದನ್ನು ತೋರಿಸಿ, "ಕಟಿಂಗಿಗೆ ಗುರ್ತು ಹಾಕ್ಯಾರ, ಜರಾ ಸೊಟ್ಟ ಐತಿ. ಮಸ್ಕ್ಯಾಗ ಮನಿಗೇ ಕರೆಂಟ್ ಇಲ್ಲ, ಇಲ್ಲೆ ಕುತ್ತಿಗಿಗೆ ಕೊಡಾಕತ್ತಾರ" ಎನ್ನುತ್ತಿದ್ದರು. ಊರಿಗೆ ಮರಳುವಷ್ಟರಲ್ಲಿ ಮಸ್ಕಿ ತನ್ನ ಔಷಧ ಸಿದ್ಧಮಾಡಿಕೊಂಡಿತ್ತು. ಗಂಟಲಿನ ಗಂಟಿಗೆ ಅಯೋಡಿನ್ ಉಪ್ಪು ಎಂದು ನಾನು ಒಂಬತ್ತನೆಯ ತರಗತಿಗೆ ಪಾಠ ಹೇಳಿದ್ದೆನಲ್ಲ, ಮನೆಮನೆಯಿಂದ ಉಪ್ಪಿನ ಪಾಕೀಟು ಬಂದು ಬಿದ್ದವು. ಇದು ಆ ಗಂಟಲ್ಲ, ಇದಕ್ಕೂ ಉಪ್ಪಿಗೂ ಸಂಬಂಧವಿಲ್ಲ ಎಂದು ನಾನು ಬಾಗಿಲಲ್ಲಿ ನಿಂತು ಹೇಳಿದರೂ ಕೇಳುವವರಿಲ್ಲ. "ಪುಸ್ತಕದಾಗ ಐತಲ್ರೀ ಸರ, ನೀವ ಹೇಳೀರಿ" ಎನ್ನುತ್ತಿದ್ದರು. ಅಲ್ಮಾರಿನಲ್ಲಿ ಬಟ್ಟೆಯ ಪಕ್ಕ ಉಪ್ಪು ಏರುತ್ತಾ ಹೋಯಿತು. "ಬೋರ್ಡ್ ತಗಸಿ ಉಪ್ಪಿನ ಅಂಗಡಿ ಇಡೂಣೇನು?" ಎಂದು ಆಕೆ ಸಿಡುಕುತ್ತಿದ್ದರು. ಮಾಸ್ತರರಿಗೆ ಆಗ ತೆಳ್ಳನೆಯ ಗಂಜಿಯೂ ಗಂಟಲಿಗೆ ಇಳಿಯುತ್ತಿರಲಿಲ್ಲ.

ಉಸಿರು ಕಟ್ಟತೊಡಗಿತು. ಮತ್ತೆ ಹುಬ್ಬಳ್ಳಿಗೆ ಹೋಗಿ ಗಂಟಲಿಗೆ ತೂತು ಮಾಡಿಸಿ ನಳಿಗೆ ಇಡಿಸಿಕೊಂಡು ಬಂದರು. ಉಸಿರು ಸಲೀಸಾಯಿತು, ಮಾತು ನಿಂತಿತು. ನಾನು ನೋಡಲು ಹೋದಾಗ ಮಷೀನಿನ ಮುಂದೆ ಕೂತಿದ್ದರು. ಹೆಂಡತಿ ನಳಿಗೆಯ ಸುತ್ತ ಬಟ್ಟೆ ಬದಲಿಸುತ್ತಿದ್ದರು. ಮಾಸ್ತರರು ನನ್ನನ್ನು ಕಂಡವರೇ ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು, ಮೇಜಿನ ಮೇಲಿದ್ದ ಕರಿ ಪ್ಯಾಂಟಿನ ಬಟ್ಟೆಯ ಮೇಲೆ ಮೂರು ಸಾಲು ಬರೆದರು. ಆಕೆಗೆ ಓದು ಬರುತ್ತಿರಲಿಲ್ಲ. "ಏನು ಬರದಾರ್ರಿ ಸರ?" ಎಂದರು.

ಓದಿದೆ. "ದೇವ್ರು ಗುಂಡಿ ಹಚ್ಚಿದ. ಡಾಕ್ಟರ್ರು ಕಾಜಾ ಹಾಕಿದ್ರು."

ಆಕೆ ನಕ್ಕು ಗಂಡನ ಬೆನ್ನಿಗೆ ಮೆಲ್ಲಗೆ ಒಂದು ಕೊಟ್ಟರು. ಆಮೇಲೆ ಬಟ್ಟೆಯನ್ನು ನೋಡಿ, "ಇನ್ನೊಂದು ಸಾಲು ಐತಲ್ರೀ?" ಎಂದರು.

ನಾನು ಮಾಸ್ತರರನ್ನು ನೋಡಿದೆ. ಅವರು ಓದಿ ಎಂದು ಕೈಮಾಡಿದರು.

"ಇನ್ನ ಡೆಲಿವರಿ."

ಆಕೆ ಅಂಗೈಯಿಂದ ಆ ಸಾಲನ್ನು ಉಜ್ಜಿ ಅಳಿಸಿ ಒಳಗೆ ಹೋದರು.

ಅದಾದ ಮೇಲೆ ಮಸ್ಕಿಯಲ್ಲಿ ಎಂದೂ ಆಗದ್ದು ಆಗತೊಡಗಿತು. ಬಟ್ಟೆ ಹೇಳಿದ ದಿನಕ್ಕೆ ಸಿಗತೊಡಗಿತು. ಮಾಸ್ತರರು ಊಟವಿಲ್ಲದೆ ನಿದ್ದೆಯಿಲ್ಲದೆ ಹೊಲಿದರು. ಊರಿಗೆ ಗಾಬರಿಯಾಯಿತು. ಬಳಗಾನೂರಿನ ಆ ಹಳೆಯ ಮದುಮಗ ಪ್ಯಾಂಟು ಕೇಳಲು ಬಂದವನು, ಅದು ಮಡಿಚಿ ಇಸ್ತ್ರಿಯಾಗಿ ಕಾದಿರುವುದನ್ನು ಕಂಡು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟ. "ಜಲ್ದಿ ಕೊಡ್ರಿ ಅಂತ ಯಾರು ಕೇಳಿದ್ರು ನಿಮ್ಮನ್ನ? ನಾ ಕೇಳೀನೇನು?" ಎಂದು ಕಣ್ಣು ಒರೆಸುತ್ತಾ ಜಗಳಕ್ಕೇ ನಿಂತ. ಪ್ಯಾಂಟು ಒಯ್ಯದೆ ಹೋದ. ಆಮೇಲೆ ಎಲ್ಲರೂ ಅದೇ ಪಾಠ ಶುರುಮಾಡಿದರು. "ಇರ್ಲಿ ಮಾಸ್ತರ, ಅರ್ಜೆಂಟ್ ಇಲ್ಲ. ಮುಂದಿನ ವಾರ ಒಯ್ತೀನಿ." ಕೆಲವರು ಬೇಕೆಂದೇ ಹೊಸ ಬಟ್ಟೆ ತಂದು ಅಲ್ಮಾರಿನಲ್ಲಿ ತುರುಕಿ ಓಡಿದರು. ಅಲ್ಮಾರು ಖಾಲಿಯಾಗದಿದ್ದರೆ ಮನುಷ್ಯ ಇರುತ್ತಾನೆ ಎಂಬುದು ಅವರ ಲೆಕ್ಕ. ಹುಚ್ಚು ಲೆಕ್ಕವೇ. ನಾನೂ ಒಂದು ಅಂಗಿಯ ಬಟ್ಟೆ ಕೊಟ್ಟು ಬಂದೆ.

ಎಲ್ಲರಿಗಿಂತ ಗಟ್ಟಿ ಹಟ ಹೆಂಡತಿಯದು. ಆಕೆ ಕಾಜಾ ಹಾಕುವುದನ್ನೇ ನಿಲ್ಲಿಸಿಬಿಟ್ಟರು. ಅಂಗಿಗಳು ಹೊಲಿದು ಹೊಲಿದು ಒಲೆಯ ಪಕ್ಕ ಗುಡ್ಡೆ ಬಿದ್ದವು. ಯಾರಾದರೂ ಬಂದರೆ ಆಕೆಯೇ ಪರದೆ ಸರಿಸಿ, "ಕಾಜಾ ಬಾಕಿ ಐತ್ರಿ" ಎಂದು ಬಿಗಿದ ಮುಖದಲ್ಲಿ ಹೇಳುತ್ತಿದ್ದರು. ಅದು ಜನ್ಮದಲ್ಲಿ ಮೊದಲ ಸಲ ಖರೆಯಾಗಿತ್ತು. ಮಾಸ್ತರರು ಕೈಮುಗಿದು ನೋಡಿದರು, ಸಿಟ್ಟುಮಾಡಿ ನೋಡಿದರು. ಆಕೆ ಒಪ್ಪಲಿಲ್ಲ. ಕೊನೆಗೆ ತಾವೇ ಸೂಜಿ ಹಿಡಿದು ಕಾಜಾ ಹಾಕಲು ಕೂತರು. ಇಲಿ ಕಡಿದ ಹಾಗೆ ಆಯಿತು. ಆಕೆ ಒಂದು ದಿನ ತಡೆದುಕೊಂಡರು, ಎರಡನೆಯ ದಿನ ಆಗಲಿಲ್ಲ. ಅಂಗಿಯನ್ನು ಕಸಿದುಕೊಂಡು ಕೂಗಾಡಿದರು.

"ಇದೇನು ಕಾಜಾನ? ಊರ ಮಂದಿ ಇದನ್ನ ನಾ ಹಾಕೀನಿ ಅಂತ ತಿಳಕೊಂತಾರ! ನನ್ನ ಮಾನ ಕಳೀಬ್ಯಾಡ, ಇತ್ತ ಕೊಡು."

ಬಿಚ್ಚಿ ಮತ್ತೆ ಹಾಕಿದರು. ಗುಡ್ಡೆ ಕರಗುತ್ತಾ ಬಂತು. ಮಾಸ್ತರರು ಗೋಡೆಗೆ ಒರಗಿ, ಒಂದೊಂದು ಅಂಗಿ ಮುಗಿದಂತೆ ಅದನ್ನು ಮಡಿಚಿ ಇಡುತ್ತಿದ್ದರು. ಜನರೂ ಸೋತು, ತಲೆ ತಗ್ಗಿಸಿ, ತಮ್ಮ ತಮ್ಮ ಬಟ್ಟೆ ಒಯ್ದರು.

ಮಾಸ್ತರರು ಹೋದ ದಿನ ನಾನು ಪರೀಕ್ಷೆಯ ಕೆಲಸಕ್ಕೆ ಲಿಂಗಸುಗೂರಿನಲ್ಲಿದ್ದೆ. ಬಂದಾಗ ಎಲ್ಲ ಮುಗಿದಿತ್ತು. ಅವರ ಕಾರ್ಯ ಮುಗಿದ ಮೇಲೆ ಒಂದು ಮುಂಜಾನೆ ಆಕೆ ನಮ್ಮ ಮನೆಗೆ ಬಂದರು. ಕಂಕುಳಲ್ಲಿ ಇಸ್ತ್ರಿ ಮಾಡಿದ ಅಂಗಿ. ನನ್ನದೇ. ನನ್ನ ಹೆಂಡತಿ ಚಹಾ ತಂದುಕೊಟ್ಟಳು. ಆಕೆ ಬಟ್ಟಲನ್ನು ಕೈಯಲ್ಲೇ ಹಿಡಿದು ಕೂತರು.

"ಅವತ್ತು ಮುಂಜಾನೆ ಎಲ್ಲಾ ಆತೇನು ಅಂತ ಕೈಮಾಡಿ ಕೇಳಿದ್ರು ಸರ. ಅಲ್ಮಾರು ಖಾಲಿ ಆಗಿತ್ತು. ನನಗ ಹೂಂ ಅನ್ನಾಕ ಬಾಯಿ ಬರಲಿಲ್ಲ. ಸಾಲಿ ಮಾಸ್ತರ ಅಂಗೀದು ಕುತ್ತಿಗಿ ಕಾಜಾ ಒಂದು ಬಾಕಿ ಐತಿ ಅಂದೆ. ನಕ್ಕರ್ರಿ. ದನಿ ಇದ್ದಿದ್ದಿಲ್ಲಲ್ಲ, ಭುಜ ಅಲ್ಲಾಡಿದ್ವು. ಸಂಜಿಗೆ ಹೋದ್ರು."

ಅಂಗಿಯನ್ನು ಬಿಡಿಸಿ ನೋಡಿದೆ. ಎದೆಯ ಗುಂಡಿಗಳಿಗೆಲ್ಲ ಕಾಜಾ ಇತ್ತು. ಕಾಲರಿನಲ್ಲಿ ಮಾತ್ರ ಸೀಮೆಸುಣ್ಣದ ಒಂದು ಸಣ್ಣ ಗೆರೆ, ಅಷ್ಟೇ. ಹಾಗೇ ಕೊರಳಿಗೆ ಹಿಡಿದು ಒಳಗೆ ಬೆರಳು ತೂರಿಸಿದೆ. ಎರಡೂ ಸಲೀಸಾಗಿ ಹೋದವು. ನನಗೆ ದುಃಖ ತಡೆಯಲಾಗಲಿಲ್ಲ.

ಆಕೆ ಬಟ್ಟಲನ್ನು ಕೆಳಗಿಟ್ಟು ಸೂಜಿ ತೆಗೆದರು. ದಾರ ಪೋಣಿಸಿಕೊಂಡೇ ತಂದಿದ್ದರು. "ಕೊಡ್ರಿ ಇತ್ತ. ಕುಂತಲ್ಲೆ ಹಾಕಿಕೊಡ್ತೀನಿ, ಎಷ್ಟೊತ್ತಿನ ಕೆಲಸ."

"ಇರ್ಲಿ ಬಿಡ್ರಿ ಅಕ್ಕಾರ," ಎಂದೆ. "ಅರ್ಜೆಂಟ್ ಇಲ್ಲ."

ಆಕೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು, ಅಂಗಿಯನ್ನು ಮಡಿಚಿ ಮತ್ತೆ ಕಂಕುಳಲ್ಲಿ ಇಟ್ಟುಕೊಂಡು ಎದ್ದರು.

"ಹಂಗಾರ ನಾಳಿಗೆ ಬರ್ರಿ" ಎಂದರು.